ಸೈಕಲ್ಲಿಗೂ ಒಂದು ನಂಬರಿದೆ

1952ರ ಜನವರಿಯಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಶುರುವಾದದ್ದು ಬೊಂಬಾಯಿಯಲ್ಲಿ. ಅಲ್ಲಿ ವಿತ್ತೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ ನೋಡಿದ ಬಿಮಲ್ ರಾಯ್ ಮರುವರ್ಷ ‘ದೋ ಬೀಘಾ ಜಮೀನ್’ ತೆರೆಗೆ ತಂದರು ಎಂಬುದು ಸಿನಿಮಾ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಆ ಇಟಲಿಯ ಚಿತ್ರದ ಒಂದು ಸನ್ನಿವೇಶದ ಬಗ್ಗೆ ಮಾತ್ರ ಮಾತು ಕಡಿಮೆ. ಗೋಡೆಗೆ ಪೋಸ್ಟರ್ ಅಂಟಿಸಿ ಬದುಕುವ ಅಂತೋನಿಯೊನ ಸೈಕಲ್ ಕಳುವಾಗುತ್ತದೆ. ಠಾಣೆಯವರು ದೂರು ಬರೆದುಕೊಳ್ಳುತ್ತಾರೆ, ಹುಡುಕುವ ಕೆಲಸ ನಿನ್ನದು ಎಂದು ಕಳಿಸುತ್ತಾರೆ. ನೆರವಿಗೆ ಬರುವವರು ಕಸ ಸಾಗಿಸುವ ಗೆಳೆಯರು. ಮುಂಜಾನೆಯೇ ಸಂತೆಗೆ ಹೋಗಿ ಅವರು ಕೆಲಸ ಹಂಚಿಕೊಳ್ಳುತ್ತಾರೆ: ಫ್ರೇಮ್ ನೋಡುವವನೊಬ್ಬ, ಟೈರು ನೋಡುವವನೊಬ್ಬ, ಬೆಲ್ಲು ಪಂಪು ನೋಡಲು ಪುಟ್ಟ ಮಗ ಬ್ರೂನೊ. ಒಂದು ಫ್ರೇಮಿಗೆ ಬಣ್ಣ ಬಳಿಯುತ್ತಿದ್ದವನ ಮೇಲೆ ಅನುಮಾನ ಮೂಡಿ ಪೊಲೀಸನನ್ನು ಕರೆಸಿ ನಂಬರು ಓದಿಸುತ್ತಾರೆ. ನಂಬರು ಹೊಂದುವುದಿಲ್ಲ. ಜಗಳ ಅಲ್ಲಿಗೆ ನಿಲ್ಲುತ್ತದೆ.

ಎಷ್ಟೇ ಜನ ಹುಡುಕಿದರೂ ಸೈಕಲ್ ಯಾರದೆಂದು ಕೊನೆಗೆ ಹೇಳಬೇಕಾದದ್ದು ಆ ಅಂಕಿಗಳೇ. ಇಂದಿನ ಮುಂಬಯಿಯಲ್ಲೂ ಮಾತು ಬಂದು ನಿಲ್ಲುವುದು ಅಲ್ಲಿಯೇ.

ಈಗ ಸಂತೆ ಮೊಬೈಲಿನೊಳಗಿದೆ. ಮುಲುಂಡಿನಲ್ಲೋ ಬೊರಿವಲಿಯಲ್ಲೋ ಹೌಸಿಂಗ್ ಸೊಸೈಟಿಯ ಮೆಟ್ಟಿಲ ಕೆಳಗೆ ಬೀಗ ಹಾಕಿ ನಿಲ್ಲಿಸಿದ್ದ ಗಿಯರ್ ಸೈಕಲ್ ಬೆಳಗಾಗುವಷ್ಟರಲ್ಲಿ ಮಾಯವಾದರೆ, ಒಡೆಯ ಠಾಣೆಗೆ ಹೊರಡುವ ಮೊದಲೇ ಅದರ ಫೋಟೊ ಸವಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಭಾನುವಾರ ಬೆಳಗಿನ ಜಾವ ಮರೀನ್ ಡ್ರೈವ್‌ಗೋ ಆರೇ ಕಾಲೊನಿಗೋ ಸವಾರಿ ಹೋಗುವವರು, ಬ್ರೆವೆ ಎಂಬ ದೂರದ ಸವಾರಿಗಳಲ್ಲಿ ರಾತ್ರಿಯೆಲ್ಲ ಜೊತೆಗೆ ಪೆಡಲ್ ತುಳಿದವರು, ರಿಪೇರಿ ಅಂಗಡಿಯ ಹುಡುಗರು, ಎಲ್ಲರ ಕಣ್ಣೂ ಚುರುಕಾಗುತ್ತದೆ. ಹಳೆ ಸಾಮಾನು ಮಾರುವ ಆ್ಯಪ್‌ಗಳನ್ನು ಒಬ್ಬರು ಜಾಲಾಡುತ್ತಾರೆ. ಬೆಲೆ ತೀರ ಕಡಿಮೆಯಿದ್ದು ಫೋಟೊ ಮಬ್ಬಾಗಿದ್ದರೆ ಇನ್ನೊಬ್ಬರು ಕೊಳ್ಳುವವರಂತೆ ವಿಚಾರಿಸುತ್ತಾರೆ. ಸವಾರರು ಮನುಷ್ಯರ ಮುಖಕ್ಕಿಂತ ಅವರ ಸೈಕಲ್ಲನ್ನು ಬೇಗ ಗುರುತಿಸುತ್ತಾರೆ: ಬದಲಾಯಿಸಿದ ಸೀಟು, ಹ್ಯಾಂಡಲಿಗೆ ಸುತ್ತಿದ ಟೇಪಿನ ಬಣ್ಣ, ಅಡ್ಡಪಟ್ಟಿಯ ಮೇಲಿನ ಗೀರು.

ಈ ಕಣ್ಗಾವಲು ಫಲಿಸುವುದಕ್ಕೆ ಕಾರಣವಿದೆ. ದುಬಾರಿ ಸೈಕಲ್ ಊರಲ್ಲಿ ವಿರಳ, ಅದರ ಬಿಡಿಭಾಗ ಇನ್ನೂ ವಿರಳ. ಅದನ್ನು ಸರಿಪಡಿಸಬಲ್ಲ ಮೆಕ್ಯಾನಿಕ್‌ಗಳು ಬೆರಳೆಣಿಕೆಯವರು, ಅವರೆಲ್ಲ ಸವಾರರ ಪರಿಚಯದವರೇ. ಕದ್ದವನಿಗೆ ಅದರ ನಿಜವಾದ ಬೆಲೆ ಗೊತ್ತಿರುವುದಿಲ್ಲ, ಅಗ್ಗಕ್ಕೆ ಮಾರಲು ಹೋಗಿ ತಾನೇ ಸುಳಿವು ಕೊಡುತ್ತಾನೆ.

ಆದರೆ ಇದೇ ನಗರದಲ್ಲಿ ಇನ್ನೊಂದು ಸೈಕಲ್ ಲೋಕವಿದೆ. ಧಾರಾವಿಯಿಂದ ಹೊರಟು ಭೋಂಪು ಒತ್ತುತ್ತಾ ಗಲ್ಲಿಗಲ್ಲಿ ಸುತ್ತುವ ಇಡ್ಲಿ ಮಾರುವವನದು, ನಸುಕಿಗೇ ಪಾವ್ ಹೊತ್ತು ತರುವವನದು, ಮಧ್ಯರಾತ್ರಿ ಚಹಾದ ಕ್ಯಾನು ಕಟ್ಟಿಕೊಂಡು ಹೊರಡುವವನದು, ಎರಡು ಪಾಳಿ ದುಡಿಯುವ ವಾಚ್‌ಮನ್‌ನದು. 1890ರಿಂದ ಈ ಊರಿಗೆ ಮನೆಯೂಟ ಮುಟ್ಟಿಸುತ್ತಿರುವ ಡಬ್ಬಾವಾಲಾಗಳಿಗೆ ಲೋಕಲ್ ರೈಲು ಎಷ್ಟು ಮುಖ್ಯವೋ ಸ್ಟೇಷನ್ನಿನ ಹೊರಗೆ ಕಂಬಿಗೆ ಒರಗಿಸಿಟ್ಟ ಸೈಕಲ್ಲೂ ಅಷ್ಟೇ ಮುಖ್ಯ. 2020ರ ಮಾರ್ಚ್‌ನಲ್ಲಿ ನಿಂತ ಲೋಕಲ್ ರೈಲು ಎಲ್ಲ ಪ್ರಯಾಣಿಕರಿಗೂ, ಅದೂ ನಿಗದಿತ ಹೊತ್ತಿನಲ್ಲಿ ಮಾತ್ರ, ತೆರೆದದ್ದು 2021ರ ಫೆಬ್ರುವರಿಯಲ್ಲಿ. ಅಷ್ಟೂ ಕಾಲ ಎಷ್ಟೋ ಉಪನಗರದ ನೌಕರರು ಗಂಟೆಗಟ್ಟಲೆ ಪೆಡಲ್ ತುಳಿದು ಕೆಲಸಕ್ಕೆ ಹೋದರು. ಇವರ ಸೈಕಲ್ಲುಗಳ ಕಥೆಯೇ ಬೇರೆ: ಎಲ್ಲವೂ ಕಪ್ಪು, ಎಲ್ಲಕ್ಕೂ ಅದೇ ಕ್ಯಾರಿಯರ್, ಅದೇ ಸ್ಟ್ಯಾಂಡು. ಸಾವಿರದ ನಡುವೆ ಒಂದು ಕಾಣೆಯಾದರೆ ಫೋಟೊ ನೋಡಿ ಗುರುತಿಸುವವರು ಯಾರು? ಗುಜರಿ ಕೊಳ್ಳುವ ಭಂಗಾರ್‌ವಾಲಾನ ತಕ್ಕಡಿ ಏರಿದ ಮೇಲಂತೂ ಅದು ಬರೀ ಕಬ್ಬಿಣ. ಸಿರಿವಂತ ಸವಾರ ಸೈಕಲ್ ಕಳಕೊಂಡರೆ ಭಾನುವಾರದ ಸವಾರಿ ತಪ್ಪುತ್ತದೆ. ಪಾವ್ ಮಾರುವವನಿಗೆ ಅಂದಿನ ಸಂಪಾದನೆಯೇ ತಪ್ಪುತ್ತದೆ.

ವಿಚಿತ್ರವೆಂದರೆ ಕಾನೂನಿನ ತಕ್ಕಡಿಯೂ ಈಗ ದುಬಾರಿ ಸೈಕಲ್ಲಿನ ಕಡೆಗೇ ವಾಲಿದೆ. ಸಂಜ್ಞೇಯ ಅಪರಾಧದ ಮಾಹಿತಿ ಸಿಕ್ಕರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತ್ತು. ಆಗ ಕಳವು, ಮಾಲಿನ ಬೆಲೆ ಎಷ್ಟೇ ಇರಲಿ, ಸಂಜ್ಞೇಯವೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ ಇಟ್ಟಿದೆ. ಜೊತೆಗೆ ಒಂದು ವಿನಾಯಿತಿಯೂ ಇದೆ: ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಮೊದಲ ಸಲ ಶಿಕ್ಷೆಗೆ ಒಳಗಾದವನು ಅದನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆ ಮಾಡಿದರೆ ಸಾಕು. ಹಸಿವಿಗೆ ಕದ್ದ ಹುಡುಗನನ್ನು ಜೈಲಿಗೆ ಅಟ್ಟದಿರುವ ಮಾನವೀಯತೆ ಇದರಲ್ಲಿದೆ, ಅದನ್ನು ಮೆಚ್ಚಬೇಕು. ತೊಡಕು ಇರುವುದು ಜೊತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿಯಲ್ಲಿ. ಅಲ್ಲಿ 5,000 ರೂಪಾಯಿಗಿಂತ ಕೆಳಗಿನ ಕಳವನ್ನು ಅಸಂಜ್ಞೇಯ ಅಪರಾಧಗಳ ಸಾಲಿಗೆ ಸೇರಿಸಲಾಗಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ.

ಗೀರುಬಿದ್ದ ಹಳೆ ಕಪ್ಪು ಸೈಕಲ್ಲಿನ ಬೆಲೆ ಎಷ್ಟು? ಬಹುತೇಕ ಐದು ಸಾವಿರದೊಳಗೇ. ಲಕ್ಷ ರೂಪಾಯಿಯ ಕಾರ್ಬನ್ ಸೈಕಲ್ಲಿಗೆ ಎಫ್‌ಐಆರ್, ಪಾವ್‌ವಾಲಾನ ಸೈಕಲ್ಲಿಗೆ ‘ಎನ್‌ಸಿ’, ಅಂದರೆ ಅಸಂಜ್ಞೇಯ ದೂರಿನ ಚೀಟಿ. ವಾಟ್ಸ್‌ಆ್ಯಪ್ ಗುಂಪು ಇರುವವನಿಗೇ ಪೊಲೀಸ್ ತನಿಖೆಯೂ ಸಿಗುತ್ತದೆ. ಇಲ್ಲದವನಿಗೆ ಎರಡೂ ಇಲ್ಲ.

ಸೈಕಲ್ ಸವಾರರ ಒಗ್ಗಟ್ಟನ್ನು ಕೊಂಡಾಡುವವರು ಮೊದಲು ಮುಖಾಮುಖಿಯಾಗಬೇಕಾದದ್ದು ಈ ಕಂದಕಕ್ಕೆ. ಗುಂಪಿನ ಕಣ್ಣು ಒಳ್ಳೆಯದು, ಆದರೆ ಅದು ತನ್ನವರ ಸೈಕಲ್ಲನ್ನಷ್ಟೇ ನೋಡುತ್ತದೆ. ಅದು ಎಲ್ಲರ ಸೈಕಲ್ಲಿಗೂ ತೆರೆದುಕೊಳ್ಳಬೇಕಾದರೆ ಗುರುತು ಫೋಟೊದಿಂದ ನಂಬರಿಗೆ ಬದಲಾಗಬೇಕು. ಬಹುತೇಕ ಎಲ್ಲ ಫ್ರೇಮುಗಳ ಮೇಲೂ, ಹೆಚ್ಚಾಗಿ ಪೆಡಲ್ ಕೂಡುವ ಕೊಳವೆಯ ಅಡಿಯಲ್ಲಿ, ಕೆಲವಕ್ಕೆ ಸೀಟಿನ ಕೆಳಗೆ, ಕಂಪನಿ ಕೊರೆದ ಅಂಕಿ ಇರುತ್ತದೆ. ಬಗ್ಗಿ ಅದನ್ನು ನೋಡಿದವರೇ ಕಡಿಮೆ. ಕಳುವಾದ ಮೇಲೆ ನೋಡೋಣವೆಂದರೆ ನಂಬರು ಸೈಕಲ್ಲಿನ ಜೊತೆಗೇ ಹೋಗಿರುತ್ತದೆ.

ಜಪಾನಿನಲ್ಲಿ 1994ರಿಂದ ಸೈಕಲ್ ನೋಂದಣಿ ಕಡ್ಡಾಯ. ಕೊಳ್ಳುವಾಗ ಅಂಗಡಿಯಲ್ಲೇ ಸಣ್ಣ ಶುಲ್ಕ ಕಟ್ಟಿದರೆ ಚೀಟಿ ಅಂಟಿಸಿ ಕೊಡುತ್ತಾರೆ. ಬೀದಿಯ ಪೊಲೀಸ್ ಆ ನಂಬರು ಹಿಡಿದು ಒಡೆಯ ಯಾರೆಂದು ತಿಳಿಯುತ್ತಾನೆ. ನೆದರ್ಲೆಂಡ್ಸ್‌ನಲ್ಲಿ ಹಳೆ ಸೈಕಲ್ ಕೊಳ್ಳುವವರು ಅದರ ನಂಬರು ಕಳುವಿನ ಪಟ್ಟಿಯಲ್ಲಿದೆಯೇ ಎಂದು ಮೊದಲೇ ಪರೀಕ್ಷಿಸಬಹುದು. ಕೆನಡಾದ ವ್ಯಾಂಕೂವರ್ ಪೊಲೀಸರು 2015ರಲ್ಲಿ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ರೂಪಿಸಿದವರಲ್ಲೊಬ್ಬರಾದ ಜೆ ಅಲಾರ್ಡ್ ಕಟ್ಟಿದ ನೋಂದಣಿ ವ್ಯವಸ್ಥೆಯೊಡನೆ ಕೈಜೋಡಿಸಿದರು. ಮುಂದಿನ ವರ್ಷಗಳಲ್ಲಿ ಅಲ್ಲಿ ಸೈಕಲ್ ಕಳವಿನ ದೂರುಗಳು ಗಣನೀಯವಾಗಿ ತಗ್ಗಿದವು. ಅಮೆರಿಕದಲ್ಲಿ ಬೈಕ್ ಇಂಡೆಕ್ಸ್ ಎಂಬ ಸೇವಾಸಂಸ್ಥೆ 2013ರಿಂದ ಇಂಥದೇ ಪಟ್ಟಿ ಇಟ್ಟುಕೊಂಡಿದೆ. ಅದರ ಸ್ಥಾಪಕರಲ್ಲೊಬ್ಬರಾದ ಬ್ರಯಾನ್ ಹ್ಯಾನ್ಸ್ ಮತ್ತು ಸವಾರ ಮಿತ್ರರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಕಳುವಾದ ಸೈಕಲ್ಲುಗಳು ಗಡಿ ದಾಟಿ ಮೆಕ್ಸಿಕೊದಲ್ಲಿ ಮಾರಾಟವಾಗುತ್ತಿರುವುದನ್ನು ಫೋಟೊ, ದಾಖಲೆಗಳನ್ನು ತಾಳೆ ಹಾಕಿಯೇ ಬಯಲಿಗೆಳೆದರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೊಬೈಲಿನ ವಿಷಯದಲ್ಲಿ ಇದನ್ನು ಭಾರತವೇ ಮಾಡಿದೆ. ಕಳುವಾದ ಫೋನನ್ನು ಅದರ 15 ಅಂಕಿಯ ಐಎಂಇಐ ನಂಬರಿನಿಂದ ತಡೆಹಿಡಿದು ಪತ್ತೆ ಹಚ್ಚುವ ಸಿಇಐಆರ್ ವ್ಯವಸ್ಥೆ 2019ರ ಸೆಪ್ಟೆಂಬರ್‌ನಲ್ಲಿ ಪ್ರಯೋಗಕ್ಕೆ ಬಂದದ್ದು ಮಹಾರಾಷ್ಟ್ರದಲ್ಲೇ. 2023ರ ಮೇ ತಿಂಗಳಲ್ಲಿ ಅದು ದೇಶಕ್ಕೆಲ್ಲ ಹಬ್ಬಿತು. ಫೋನಿನಂತೆ ಸೈಕಲ್ ತಾನಿರುವ ಜಾಗ ಹೇಳುವುದಿಲ್ಲ ನಿಜ. ಆದರೂ ಸಿಕ್ಕ ಮಾಲು ಯಾರದೆಂದು ತಿಳಿಯಲು ನಂಬರು ಸಾಕು.

ನೋಂದಣಿ ಎಂದೊಡನೆ ಹಿರಿಯ ಕನ್ನಡಿಗರು ಹುಬ್ಬು ಗಂಟಿಕ್ಕಿದರೆ ತಪ್ಪಿಲ್ಲ. ಮೈಸೂರು ಸೀಮೆಯ ಊರುಗಳಲ್ಲಿ ಒಂದು ಕಾಲಕ್ಕೆ ಪುರಸಭೆಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಲೈಸೆನ್ಸ್ ಬಿಲ್ಲೆ ಪಡೆಯಬೇಕಿತ್ತು. ಬಿಲ್ಲೆಯಿಲ್ಲದವನು, ರಾತ್ರಿ ದೀಪವಿಲ್ಲದವನು, ಹಿಂದೆ ಗೆಳೆಯನನ್ನು ಕೂರಿಸಿಕೊಂಡವನು ಸಿಕ್ಕಿಬಿದ್ದರೆ ದಂಡ, ಇಲ್ಲವೇ ಚಕ್ರದ ಗಾಳಿ ಬಿಡುವ ಶಿಕ್ಷೆ. ಆ ಬಿಲ್ಲೆ ಮರಳಿ ಬರುವುದು ಬೇಡ. ಮುಂಬಯಿ ಸೈಕಲ್ಲಿಗೆ ಕೊಟ್ಟಿರುವ ಜಾಗವೇ ಅಷ್ಟಕ್ಕಷ್ಟೇ: ಪೊವಾಯಿ ಕೆರೆಯೊಳಗೆ ಪಾಲಿಕೆ ಕಟ್ಟಹೊರಟ ಸೈಕಲ್ ಹಾದಿ ಅಕ್ರಮವೆಂದು ಬಾಂಬೆ ಹೈಕೋರ್ಟ್ 2022ರ ಮೇನಲ್ಲಿ ತೀರ್ಪು ಕೊಟ್ಟಿತು, ಕೆರೆಯ ಹಿತಕ್ಕೆ ಅದು ಸರಿಯೂ ಆಗಿತ್ತು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದ್ದ ಸೈಕಲ್ ಪಥವನ್ನು ಕಿತ್ತು ವಾಹನಗಳ ರಸ್ತೆ ಅಗಲಿಸಲು 2025ರಲ್ಲಿ ಅಭಿವೃದ್ಧಿ ಪ್ರಾಧಿಕಾರ ಎಂಎಂಆರ್‌ಡಿಎ ನಿರ್ಧರಿಸಿತು. ಇಂಥ ಊರಲ್ಲಿ ಸೈಕಲ್ಲಿಗೆ ಕಡ್ಡಾಯ ಲೈಸೆನ್ಸ್ ಎಂದರೆ ಬಡ ಸವಾರನನ್ನು ಅಡ್ಡಗಟ್ಟಲು ಇನ್ನೊಂದು ನೆಪವಾಗುತ್ತದೆ. ಬೇಕಿರುವುದು ಪುಕ್ಕಟೆಯ, ಇಷ್ಟಪಟ್ಟವರು ಸೇರಬಹುದಾದ, ದಂಡದ ಭಯವಿಲ್ಲದ ಪಟ್ಟಿ.

ಕಳ್ಳನನ್ನು ತಾವೇ ಹಿಡಿಯುವ ಉಮೇದಿಗೂ ಒಂದು ಮಿತಿ ಬೇಕು. ಕೊಳ್ಳುವ ನೆಪದಲ್ಲಿ ಕರೆಸಿ ಗುಂಪು ಕಟ್ಟಿಕೊಂಡು ಬಡಿಯುವುದು ನ್ಯಾಯವಲ್ಲ, ಅದು ಇನ್ನೊಂದು ಅಪರಾಧ. ಸಿಕ್ಕಿಬೀಳುವವನು ಎಷ್ಟೋ ಸಲ ನಶೆಗೆ ಬಿದ್ದವನು, ಇಲ್ಲವೇ ಮೀಸೆ ಮೂಡದ ಹುಡುಗ. ಹದಿನೆಂಟು ತುಂಬದವನ ಗುರುತು ಪ್ರಕಟಿಸುವುದನ್ನು ಬಾಲನ್ಯಾಯ ಕಾಯಿದೆಯ 74ನೇ ಕಲಮು ನಿಷೇಧಿಸಿದೆ. ಹಾಗಾಗಿ ಅವನ ಮುಖದ ವಿಡಿಯೊ ಹಂಚುವ ಕೈ ತಡೆಯಬೇಕು. ಬಲೆಗೆ ಬೀಳಬೇಕಾದವನು, ಗೊತ್ತಿದ್ದೂ ಕಳುವಿನ ಮಾಲು ಕೊಳ್ಳುವ ವ್ಯಾಪಾರಿ. ನ್ಯಾಯ ಸಂಹಿತೆಯ 317ನೇ ಕಲಮು ಇರುವುದೇ ಅವನಿಗೆ.

ಸೈಕಲ್ ಸಿಕ್ಕಿತೆನ್ನಿ, ಆಗಲೂ ಕೆಲಸ ಮುಗಿಯುವುದಿಲ್ಲ. ಅದು ಮುದ್ದೆಮಾಲು, ಕೋರ್ಟಿನ ಅಪ್ಪಣೆಯಿಲ್ಲದೆ ಕೈಗೆ ಬಾರದು. ಇಂಥ ಮಾಲನ್ನು ಠಾಣೆಯ ಅಂಗಳದಲ್ಲಿ ಕೊಳೆಯಲು ಬಿಡದೆ, ಪಂಚನಾಮೆ ಮಾಡಿ ಫೋಟೊ ತೆಗೆದು ಬೇಗ ಒಡೆಯನಿಗೆ ಒಪ್ಪಿಸಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅರ್ಜಿ ಹಾಕಲು ದಾರಿ ಗೊತ್ತಿಲ್ಲದ, ಒಂದು ದಿನದ ದುಡಿಮೆ ಬಿಟ್ಟು ಕೋರ್ಟಿಗೆ ಅಲೆಯಲಾರದವನಿಗೆ ಆ ಮಾತು ತಲುಪುವುದಿಲ್ಲ. ಸವಾರಿ ಗುಂಪುಗಳಲ್ಲಿ ವಕೀಲರಿಗೆ ಕೊರತೆಯಿಲ್ಲ. ಅವರ ಒಂದು ಮಧ್ಯಾಹ್ನ ಇಲ್ಲಿ ನೂರು ಫಾರ್ವರ್ಡ್ ಸಂದೇಶಗಳಿಗಿಂತ ಹೆಚ್ಚು ಬಾಳುತ್ತದೆ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಅಂಗಡಿಯವರು ಫ್ರೇಮ್ ನಂಬರನ್ನು ಬಿಲ್ಲಿನ ಮೇಲೆ ತಪ್ಪದೆ ಬರೆಯಲಿ. ಸೆಕೆಂಡ್‌ಹ್ಯಾಂಡ್ ಆ್ಯಪ್‌ಗಳು ನಂಬರಿನ ಫೋಟೊ ಇಲ್ಲದ ಸೈಕಲ್ ಜಾಹೀರಾತನ್ನು ಒಪ್ಪದಿರಲಿ. ಆಮ್ಸ್ಟರ್‌ಡ್ಯಾಮಿನ ಬಿವೈಸಿಎಸ್ ಸಂಸ್ಥೆ ಹೆಸರಿಸಿದ ‘ಬೈಸಿಕಲ್ ಮೇಯರ್’ ಫಿರೋಜಾ ಸುರೇಶ್ ಅವರಂಥವರು ವರ್ಷಗಳಿಂದ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿ ಎಂದು ಈ ನಗರಕ್ಕೆ ಹೇಳುತ್ತಿದ್ದಾರೆ. ಅಂಥವರ ಜಾಲವೇ ಅಂಧೇರಿ, ದಾದರ್ ಸ್ಟೇಷನ್ನುಗಳ ಹೊರಗೆ ಡಬ್ಬಾವಾಲಾಗಳ ಸೈಕಲ್ಲುಗಳ ನಂಬರು ಬರೆದುಕೊಳ್ಳುವ ಶಿಬಿರ ನಡೆಸಬಹುದು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘಗಳಂಥ ಕನ್ನಡದ ಸಂಸ್ಥೆಗಳು ಹೋಟೆಲ್ ಕಾರ್ಮಿಕರಿಗಾಗಿ ಇಂಥದೊಂದು ಭಾನುವಾರ ಇಟ್ಟುಕೊಳ್ಳಬಹುದು. ಪೊಲೀಸರಿಂದ ಬೇಕಾದದ್ದು ಇನ್ನೂ ಸರಳ: ವಾರಸುದಾರರಿಲ್ಲದ ಸೈಕಲ್ಲುಗಳನ್ನು ಹರಾಜಿಗೆ ಇಡುವ ಮೊದಲು ಅವುಗಳ ಫ್ರೇಮ್ ನಂಬರಿನ ಪಟ್ಟಿಯನ್ನು ಮರಾಠಿ, ಹಿಂದಿ, ಕನ್ನಡ ಪತ್ರಿಕೆಗಳಿಗೂ ಸವಾರರ ಗುಂಪುಗಳಿಗೂ ಕಳಿಸಲಿ. 5,000 ರೂಪಾಯಿಗಿಂತ ಕೆಳಗಿನ ಕಳವಿಗೆ ಕೊಡುವ ಎನ್‌ಸಿ ಚೀಟಿಯಲ್ಲೂ ಆ ನಂಬರು ಬರೆಯಲು ಒಂದು ಕಾಲಂ ಇರಲಿ, ಅದಕ್ಕೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಿಲ್ಲ.