ಸಂಯೋಗವೋ, ಸಮವಾಯವೋ?



ಇಂಗ್ಲೆಂಡಿನಲ್ಲಿ ಉದ್ಯೋಗಕ್ಕಿರುವ ನಮ್ಮ ಸೋದರಳಿಯನು ಕಳೆದ ತಿಂಗಳು ರಜೆಯ ಮೇಲೆ ಕಿಕ್ಕೇರಿಗೆ ಬಂದಿದ್ದನು. ಒಂದು ಸಾಯಂಕಾಲ ಜಗಲಿಯ ಮೇಲೆ ಕುಳಿತು, ಆ ದೇಶದವರು ಯೂರೋಪಿನ ಒಕ್ಕೂಟವನ್ನು ಬಿಟ್ಟುಬಂದ ವೃತ್ತಾಂತವನ್ನು ಅವನು ಹೇಳುತ್ತಿರಲು, ತೊಂಬತ್ತನ್ನು ಮುಟ್ಟಿರುವ ನಮ್ಮ ತಂದೆಯವರು ಕಿವಿಗೆ ಕೈಯಾನಿಸಿ ಆಲಿಸುತ್ತಿದ್ದರು. ಬ್ರಿಟನ್ನು ಆ ಕೂಟವನ್ನು ಸೇರಿದ್ದು 1973ರಲ್ಲಿ. ಎರಡೂವರೆ ವರ್ಷ ತುಂಬುವುದರೊಳಗಾಗಿ ಶರತ್ತುಗಳು ಸರಿಯಿಲ್ಲವೆಂದು ಗದ್ದಲವೆದ್ದು, ಪ್ರಧಾನಿ ಹೆರಾಲ್ಡ್ ವಿಲ್ಸನ್ನರು ಮರಳಿ ಮಾತುಕತೆ ನಡೆಯಿಸಿ, 1975ರ ಜೂನ್ 5ರಂದು ಜನಗಳ ಮತವನ್ನು ಕೇಳಿದರು. ಮೂರು ಪಾಲಿನಲ್ಲಿ ಎರಡು ಪಾಲು ಮಂದಿ ಇರೋಣವೆಂದರು. ನಲವತ್ತೊಂದು ವರ್ಷಗಳ ಮೇಲೆ ಡೇವಿಡ್ ಕ್ಯಾಮೆರಾನರು ಅದೇ ಕ್ರಮವನ್ನು ಅನುಸರಿಸಿ ಶರತ್ತುಗಳನ್ನು ಒಂದಿಷ್ಟು ಸಡಿಲಿಸಿಕೊಂಡು ಬಂದರಾದರೂ, 2016ರ ಜೂನ್ 23ರ ಮತದಲ್ಲಿ ನೂರಕ್ಕೆ 51.9 ಮಂದಿ ಬಿಡೋಣವೆಂದರು. 2020ರ ಜನವರಿ 31ಕ್ಕೆ ಬಿಟ್ಟದ್ದಾಯಿತು.

ಇಷ್ಟನ್ನು ಕೇಳಿ ತಂದೆಯವರು, “ಅಲ್ಲವಪ್ಪಾ, ನಮ್ಮ ಮೈಸೂರು ಹಿಂದೂಸ್ಥಾನವನ್ನು ಸೇರಿದಾಗಲೂ ಶರತ್ತು ಹಾಕಿಯೇ ಸೇರಿತಲ್ಲ. ಆ ಶರತ್ತುಗಳೆಲ್ಲ ಏನಾದುವು?” ಎಂದು ಕೇಳಿದರು.

ಹುಡುಗನು ಬೆರಗಾಗಿ, “ಮೈಸೂರು ಶರತ್ತು ಹಾಕಿತ್ತೆ, ತಾತ?” ಎಂದನು.

ಇಂಗ್ಲೆಂಡಿನ ಎರಡು ಜನಮತಗಳ ತಾರೀಖುಗಳನ್ನು ತಪ್ಪದೆ ಹೇಳಬಲ್ಲವನಿಗೆ ತನ್ನ ಸೀಮೆಯ ಕಥೆ ತಿಳಿಯದು. ಇದರಲ್ಲಿ ತಪ್ಪು ಅವನದಲ್ಲ. ಪಾಠ ಹೇಳಿದ ನಮ್ಮಂಥವರದು. ಆದಕಾರಣ ಈ ತಿಂಗಳು ಆ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳುತ್ತೇನೆ.

ಶ್ರೀಮನ್ಮಹಾರಾಜ ಜಯಚಾಮರಾಜ ಒಡೆಯರವರು ಸೇರ್ಪಡೆಯ ಪತ್ರಕ್ಕೆ ರುಜು ಹಾಕಿದ್ದು 1947ರ ಆಗಸ್ಟ್ 9ರಂದು. ಆ ಪತ್ರದಂತೆ ಸಂಸ್ಥಾನವು ಬಿಟ್ಟುಕೊಟ್ಟದ್ದು ಮೂರೇ ವಿಷಯ: ದೇಶರಕ್ಷಣೆ, ಪರದೇಶಗಳೊಡನೆ ವ್ಯವಹಾರ, ಸಾರಿಗೆ ಸಂಪರ್ಕ. ಮಿಕ್ಕುದೆಲ್ಲ ಸಂಸ್ಥಾನದ್ದೇ. ಮುಂದೆ ಇಂಡಿಯಾ ದೇಶಕ್ಕೆ ಯಾವ ಸಂವಿಧಾನ ಬಂದರೂ ಅದನ್ನು ಒಪ್ಪತಕ್ಕ ಕಟ್ಟುಪಾಡು ಈ ರುಜುವಿನಿಂದ ಉಂಟಾಗದೆಂದೂ, ರಾಜರು ಇನ್ನೊಂದು ಪತ್ರ ಬರೆದುಕೊಟ್ಟ ಹೊರತು ಈ ಪತ್ರದ ಶರತ್ತುಗಳನ್ನು ತಿದ್ದಕೂಡದೆಂದೂ ಅದರಲ್ಲಿಯೇ ಬರೆದಿದ್ದಿತು. ಇದು ಮೈಸೂರಿನ ವಿಶೇಷವಲ್ಲ. ಸಂಸ್ಥಾನಗಳಿಗೆಲ್ಲ ದಿಲ್ಲಿಯವರು ಸಿದ್ಧಪಡಿಸಿದ ಒಂದೇ ಬಗೆಯ ಪತ್ರ. ಆದರೂ ಬರೆದದ್ದು ಬರೆದದ್ದೇ.

ಶರತ್ತಿನ ಮಾತು ನಮ್ಮ ಸಂಸ್ಥಾನಕ್ಕೆ ಹೊಸದಾಗಿರಲಿಲ್ಲ. 1799ರ ಒಡಂಬಡಿಕೆಯಂತೆ ಮೈಸೂರು ಇಂಗ್ಲಿಷರಿಗೆ ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ತೆರುತ್ತಿದ್ದಿತು. 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸುವಾಗ ಅದನ್ನು ಮೂವತ್ತೈದು ಲಕ್ಷಕ್ಕೆ ಏರಿಸಿದರು. ಏರಿಸಿದ ಹತ್ತೂವರೆ ಲಕ್ಷವನ್ನು ಬಿಡಿಸಿಕೊಳ್ಳುವುದಕ್ಕೆ ದಿವಾನರ ಮೇಲೆ ದಿವಾನರು ಅರ್ಜಿ ಬರೆದು, ಕಟ್ಟಕಡೆಗೆ ಲಾರ್ಡ್ ಇರ್ವಿನ್ನರು ವೈಸರಾಯರಾಗಿದ್ದ ಕಾಲಕ್ಕೆ ಅದು ಕೈಗೂಡಿತು. 1935ರ ಕಾಯಿದೆಯು ಸಂಸ್ಥಾನಗಳನ್ನೂ ಪ್ರಾಂತಗಳನ್ನೂ ಒಂದು ಫೆಡರೇಷನ್ನಿಗೆ ತರಬೇಕೆಂದು ಹವಣಿಸಿದಾಗ, ರಾಜರುಗಳು ನಾಲ್ಕು ವರ್ಷ ಶರತ್ತುಗಳನ್ನು ತೂಗುತ್ತ ಕುಳಿತರು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಬಂದು ಮಾತೇ ನಿಂತುಹೋಯಿತು.

1947ರಲ್ಲಿ ಮಾತ್ರ ತೂಗುವುದಕ್ಕೆ ವ್ಯವಧಾನವಿರಲಿಲ್ಲ. ಪ್ರಜೆಗಳ ಮನಸ್ಸು ಬೇರೊಂದು ಪ್ರಶ್ನೆಯ ಮೇಲಿದ್ದಿತು. ಮಹಾರಾಜರು ರುಜು ಹಾಕಿದರು ಸರಿ. ಆ ಲೇಖನಿ ಯಾರ ಪರವಾಗಿ ಬರೆಯಿತು? ಇದೇ ಜಿಲ್ಲೆಯ ಶಿವಪುರದಲ್ಲಿ 1938ರಲ್ಲಿ ಧ್ವಜ ಹಾರಿಸಿ ಸೆರೆಮನೆ ಕಂಡವರು ಜವಾಬ್ದಾರಿ ಸರಕಾರವನ್ನು ಬೇಡುತ್ತಲೇ ಬಂದಿದ್ದರು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಹಬ್ಬಿತು. ಆಗ ಹನ್ನೆರಡು ವರ್ಷದ ಹುಡುಗರಾಗಿದ್ದ ನಮ್ಮ ತಂದೆಯವರು ಶಾಲೆ ತಪ್ಪಿಸಿ ಘೋಷಣೆ ಕೂಗಿ, ಮನೆಗೆ ಬಂದು ಶ್ಯಾನುಭೋಗರಾಗಿದ್ದ ನಮ್ಮ ಪಿತಾಮಹರ ಕೈಯಲ್ಲಿ ಪೆಟ್ಟು ತಿಂದುದನ್ನು ಇಂದಿಗೂ ಹೆಮ್ಮೆಯಿಂದ ಹೇಳುವರು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು.

ಇಲ್ಲಿ ಸ್ವಲ್ಪ ಶಾಸ್ತ್ರದ ಮಾತಾಡುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು. ಮುದಿ ಮೇಷ್ಟರ ಚಾಳಿ ಸುಲಭವಾಗಿ ಹೋಗತಕ್ಕದ್ದಲ್ಲ. ತರ್ಕದಲ್ಲಿ ಬಾಲಪಾಠದ ಹೊತ್ತಿಗೇ ಎರಡು ಬಗೆಯ ಸಂಬಂಧಗಳನ್ನು ಹೇಳಿಕೊಡುವರು. ಕೈಗೂ ಕೈಯಲ್ಲಿರುವ ಪುಸ್ತಕಕ್ಕೂ ಇರುವುದು ಸಂಯೋಗ. ಪುಸ್ತಕವನ್ನು ಕೆಳಗಿಟ್ಟರೆ ಕೈ ಕೈಯಾಗಿಯೇ, ಪುಸ್ತಕ ಪುಸ್ತಕವಾಗಿಯೇ ಉಳಿಯುವುದು. ನೂಲಿಗೂ ಬಟ್ಟೆಗೂ ಇರುವುದು ಸಮವಾಯ. ನೂಲೆಳೆಗಳನ್ನು ಬಿಡಿಸಿದರೆ ಬಟ್ಟೆಯು ಬೇರೆಯಾಗಿ ಎಲ್ಲಿಯೂ ನಿಲ್ಲದು. ಅದು ಇಲ್ಲವೇ ಆಗುವುದು. ಒಕ್ಕೂಟದ ವಿಚಾರದಲ್ಲಿ ಜನ ಗಂಟಲು ಹರಿದುಕೊಳ್ಳುವುದನ್ನು ಕೇಳುವಾಗಲೆಲ್ಲ ನನಗೆ ತೋರುವುದೇನೆಂದರೆ, ಒಬ್ಬನು ಸಂಯೋಗವೆಂದು ಎಣಿಸಿ ಮಾತಾಡುವನು, ಇನ್ನೊಬ್ಬನು ಸಮವಾಯವೆಂದು ಎಣಿಸಿ ಉತ್ತರ ಕೊಡುವನು. ಯೂರೋಪಿನ ಒಕ್ಕೂಟವು ತನ್ನ ಒಡಂಬಡಿಕೆಯಲ್ಲಿ ಬಿಟ್ಟುಹೋಗುವ ವಿಧಿಯನ್ನೂ ಬರೆದಿಟ್ಟಿತು. ಐವತ್ತನೆಯ ಪರಿಚ್ಛೇದವೆಂದು ಅದಕ್ಕೆ ಹೆಸರು. ನಮ್ಮ ಸಂವಿಧಾನದಲ್ಲಿ ಅಂಥ ವಿಧಿಯಿಲ್ಲ.

ಮೈಸೂರಿನ ಕಥೆಯಲ್ಲಿ ಗಮನಿಸತಕ್ಕದ್ದು ಇದೇ. ಸಂಯೋಗವಾಗಿ ಮೊದಲಾದದ್ದು ಇಪ್ಪತ್ತೆಂಟು ತಿಂಗಳೊಳಗೆ ಸಮವಾಯವಾಯಿತು. 1949ರ ಜೂನ್ 1ರಂದು ಎರಡನೆಯ ಪತ್ರಕ್ಕೆ ರುಜುವಾಗಿ, ತೆರಿಗೆಗಳ ಹೊರತು ಮಿಕ್ಕ ವಿಷಯಗಳಲ್ಲೆಲ್ಲ ಕೇಂದ್ರದ ಕಾಯಿದೆಗೆ ದಾರಿಯಾಯಿತು. ನವೆಂಬರ್ 25ರಂದು ಹೊರಟ ಘೋಷಣೆಯಲ್ಲಿ ಮಹಾರಾಜರು ಇಂಡಿಯಾದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದು ಸಾರಿದರು. 1950ರ ಜನವರಿ 26ರಿಂದ ಅವರು ರಾಜಪ್ರಮುಖರಾದರು. ಅದೇ ಏಪ್ರಿಲಿನಲ್ಲಿ ವರಮಾನ ತೆರಿಗೆ ಮುಂತಾದ ಬಾಬುಗಳು ಕೇಂದ್ರಕ್ಕೆ ಹೋದುವು. ಮೈಸೂರು ರೈಲ್ವೆಯು 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು. ಭದ್ರಾವತಿಯ ಕಾರ್ಖಾನೆಯೂ ಗಂಧದ ಸಾಬೂನೂ ಸಂಸ್ಥಾನದಲ್ಲಿಯೇ ಉಳಿದುವು. ಮಹಾರಾಜರಿಗೆ ಗೊತ್ತುಮಾಡಿದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ. ಸಂವಿಧಾನದಲ್ಲಿಯೇ ಭರವಸೆ ಪಡೆದಿದ್ದ ಈ ಏರ್ಪಾಡು 1971ರ ತಿದ್ದುಪಡಿಯಿಂದ ಹೋಯಿತು. ತಂದೆಯವರ ಪ್ರಶ್ನೆಗೆ ಇದೊಂದು ಉತ್ತರ: ಕೆಲವು ಶರತ್ತುಗಳನ್ನು ನಾವೇ ಬಿಟ್ಟುಕೊಟ್ಟೆವು, ಕೆಲವನ್ನು ಕಾಲವು ತೆಗೆದುಕೊಂಡಿತು.

ನಮ್ಮ ಮನೆಯೊಳಕ್ಕೆ ಜಗಳ ಬಂದದ್ದು ಇದರಿಂದಲ್ಲ, 1956ರಿಂದ. ಕನ್ನಡ ಸೀಮೆಗಳೆಲ್ಲ ಒಂದಾಗಬೇಕೆಂದು ಫಜಲ್ ಅಲಿ ಆಯೋಗವು 1955ರಲ್ಲಿ ಹೇಳಿದಾಗ ಹಳೆಯ ಮೈಸೂರಿನಲ್ಲಿ ಎಲ್ಲರೂ ಸಂತೋಷಪಟ್ಟರೆಂದು ಈಗಿನವರು ತಿಳಿದಿದ್ದಾರೆ. ಹಾಗಿರಲಿಲ್ಲ. ಒಂದೇ ಭಾಷೆಗೆ ಎರಡು ರಾಜ್ಯಗಳಿದ್ದರೇನು ನಷ್ಟವೆಂದು ಕೇಳಿದ ದೊಡ್ಡವರು ಅನೇಕರು. ಲೆಕ್ಕಾಚಾರ ತಿಳಿಯಲೆಂದು ಮೈಸೂರು ಸರಕಾರವು ಒಂದು ಸಮಿತಿಯನ್ನೇ ನೇಮಿಸಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪಕ್ಷ ಹಿಡಿದರು. ಅವರ ಜೊತೆಯವರಲ್ಲಿಯೇ ಅನೇಕರಿಗೆ ಅದು ರುಚಿಸಲಿಲ್ಲ. ನಮ್ಮ ಪಿತಾಮಹರು ಜೀವಮಾನವೆಲ್ಲ ಖಾತೆ ಕಿರ್ದಿ ಬರೆದವರು. “ನಮ್ಮ ಖಜಾನೆ, ನಮ್ಮ ಕನ್ನಂಬಾಡಿ, ನಮ್ಮ ಶಾಲೆಗಳು! ಬರುವವರು ಬರಿಗೈಯಲ್ಲಿ ಬರುತ್ತಾರೆ” ಎಂಬುದು ಅವರ ವಾದ. ಚಿತ್ರದುರ್ಗದ ಬೀಗರೊಬ್ಬರು ಇದಿರು ವಾದಿಸಿದ್ದಕ್ಕೆ ಅವರೊಡನೆ ಎರಡು ವರ್ಷ ಮಾತು ಬಿಟ್ಟರು. ನವೆಂಬರ್ 1 ಬಂದೇ ಬಂದಿತು. ಹೆಸರು ಮಾತ್ರ 1973ರವರೆಗೆ ಮೈಸೂರೆಂದೇ ಉಳಿಯಿತು. ಕಾಸರಗೋಡು ಕೇರಳಕ್ಕೆ ಹೋಯಿತು.

1961ರಲ್ಲಿ ನಮ್ಮ ಚಿಕ್ಕಪ್ಪನವರಿಗೆ ಧಾರವಾಡದ ಕಡೆಯಿಂದ ಹೆಣ್ಣು ತಂದರು. ಮೊದಲ ದಿನ ಅಡುಗೆಯ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ಪಿತಾಮಹರು, “ಒಳಗೆ ಯಾರು ಏನನ್ನು ಒಡೆಯುತ್ತಿದ್ದಾರೆ?” ಎಂದು ಕೇಳಿದರಂತೆ. ಹಲ್ಲು ಹೋದಮೇಲೂ ಅವರು ಆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿಸಿಕೊಂಡು ತಿನ್ನುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವರ ಲೆಕ್ಕವು ತಲೆಕೆಳಗಾದುದು ವಿಚಿತ್ರ. ಬರುವವರು ನಮ್ಮ ಪಾಲನ್ನು ತಿನ್ನುವರೆಂದು ಅವರು ಅಂಜಿದರು. ಅರ್ಧ ಶತಮಾನ ಕಳೆದಮೇಲೆ ಪಾಲು ಸಿಕ್ಕಲಿಲ್ಲವೆಂದು ದೂರಿದವರು ಕಲಬುರಗಿ, ರಾಯಚೂರಿನವರು. ಅವರ ದೂರು ಸುಳ್ಳಲ್ಲವೆಂದು ಒಪ್ಪಿ, 371 ಜೆ ಎಂಬ ವಿಶೇಷ ವಿಧಿಯನ್ನು ಸಂವಿಧಾನಕ್ಕೆ ಸೇರಿಸಬೇಕಾಯಿತು. ಒಳಗೆ ಇದ್ದುಕೊಂಡೇ ಶರತ್ತನ್ನು ತಿದ್ದಿಕೊಂಡುದಕ್ಕೆ ಇದು ನಿದರ್ಶನ.

ಇನ್ನು ನೀರಿನ ಮಾತು. ಮಂಡ್ಯ ಜಿಲ್ಲೆಯ ಗೃಹಸ್ಥನಿಗೆ ಒಕ್ಕೂಟವೆಂಬುದು ಗ್ರಂಥದ ಪದವಲ್ಲ; ಕಾಲುವೆಗೆ ನೀರು ಬಿಡುವರೋ ಇಲ್ಲವೋ ಎಂಬ ಆಷಾಢಮಾಸದ ಚಿಂತೆ. 1892ರಲ್ಲಿ ಮೈಸೂರೂ ಮದರಾಸೂ ಮಾಡಿಕೊಂಡ ಒಡಂಬಡಿಕೆಯಂತೆ, ಮದರಾಸಿನ ಒಪ್ಪಿಗೆಯಿಲ್ಲದೆ ಮೇಲಿನ ಸೀಮೆಯವರು ಕಾವೇರಿಗೆ ಹೊಸ ಕಟ್ಟೆ ಕಟ್ಟುವಂತಿರಲಿಲ್ಲ. ವಾದಿಯಾಗಿ ನಿಂತ ಮದರಾಸು ಇಂಗ್ಲಿಷರದೇ ಪ್ರಾಂತ. ನ್ಯಾಯಪೀಠದಲ್ಲಿ ಕುಳಿತವರೂ ಇಂಗ್ಲಿಷರೇ. ಕನ್ನಂಬಾಡಿಯ ವಿಷಯದಲ್ಲಿ ವರ್ಷಗಟ್ಟಲೆ ಹೆಣಗಿ, 1924ರಲ್ಲಿ ಮೈಸೂರು ಪಡೆದದ್ದು ಕಟ್ಟೆಯ ಕೆಳಗೆ ಒಂದೂಕಾಲು ಲಕ್ಷ ಎಕರೆ ಹೊಸ ನೀರಾವರಿ. ಮೆಟ್ಟೂರಿನ ಕೆಳಗೆ ಮದರಾಸಿಗೆ ಮೂರು ಲಕ್ಷ ಒಂದು ಸಾವಿರ ಎಕರೆ.

ಹಾಗಾದರೆ 1947ರಲ್ಲಿ, ಆ ನ್ಯಾಯಾಧಿಪತಿಯೇ ಊರು ಬಿಟ್ಟು ಹೋಗುತ್ತಿರಲು, ಮೈಸೂರಿನ ಕೈಯ ಲೇಖನಿಗೆ ಇನ್ನೂ ಬೆಲೆಯಿರಲು, ಈ ಪತ್ರವನ್ನು ಮರಳಿ ಬಿಚ್ಚಬೇಕಾಗಿತ್ತಲ್ಲವೆ? ಆ ಇಪ್ಪತ್ತೆಂಟು ತಿಂಗಳಲ್ಲಿ ಮೂರು ಸಲ ರುಜುವಾಯಿತು. ಮೂರು ಸಲವೂ ಹಳೆಯ ನೀರಿನ ಒಡಂಬಡಿಕೆ ಇದ್ದಂತೆಯೇ ಇದ್ದಿತು. ಅರಮನೆಯವರು ಅರಮನೆಯ ಭವಿಷ್ಯವನ್ನೂ, ಕಾಂಗ್ರೆಸ್ಸಿನವರು ಮಂತ್ರಿಮಂಡಲವನ್ನೂ ಚಿಂತಿಸಿದರು. ಅವರನ್ನು ನಿಂದಿಸುವುದು ಸುಲಭ. ದೇಶ ಹೊತ್ತಿ ಉರಿಯುತ್ತಿದ್ದ ಆ ದಿನಗಳಲ್ಲಿ ಎಕರೆ ಎಣಿಸಿದವನನ್ನು ದ್ರೋಹಿಯೆನ್ನುತ್ತಿದ್ದರೋ ಏನೋ. ಆದರೂ ಈ ಮರೆವಿಗೆ ಬೆಲೆ ತೆತ್ತವರು ನಾವು. 1990ರಲ್ಲಿ ನ್ಯಾಯಮಂಡಳಿ ಏರ್ಪಟ್ಟಿತು. 2007ರಲ್ಲಿ ಅದರ ಕಡೆಯ ತೀರ್ಪು ಬಂದಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. 1924ರ ಕಾಗದವನ್ನು ಬಲಿಷ್ಠನು ದುರ್ಬಲನಿಂದ ಬರೆಯಿಸಿಕೊಂಡನೆಂಬ ನಮ್ಮವರ ವಾದವನ್ನು ಮಾತ್ರ ನ್ಯಾಯಾಧೀಶರು ಒಪ್ಪಲಿಲ್ಲ. ಸಂವಿಧಾನ ಬಂದಮೇಲೆ ಎರಡು ಪಕ್ಷಗಳೂ ಸಮಾನವಾಗಿದ್ದುವು, ಆಗ ನೀವು ಅದನ್ನು ಬೇಡವೆನ್ನಲಿಲ್ಲವಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಆ ಕಾಗದದ ಆಯುಷ್ಯ 1974ಕ್ಕೆ ತೀರಿತೆಂದೂ ಹೇಳಿದರು.

ನನಗೆ ಆ ತೀರ್ಪಿನಲ್ಲಿ ನಾಟಿದ್ದು ಟಿಎಂಸಿಯ ಅಂಕಿಯಲ್ಲ, ಈ ಒಂದು ಮಾತು. ಸಂಯೋಗದ ಕಾಲದಲ್ಲಿ ಶರತ್ತು ಕೇಳಬಹುದು. ಕೈಬಿಟ್ಟು ಹೋದೇನೆಂಬ ಮಾತಿಗೆ ಆಗ ತೂಕವುಂಟು. ಸಮವಾಯವಾದಮೇಲೆ ಕೇಳಬಹುದಾದದ್ದು ನ್ಯಾಯವನ್ನು. ಅದಕ್ಕೆ ವಕೀಲರು ಬೇಕು, ದಫ್ತರ ಬೇಕು, ಮೂವತ್ತು ವರ್ಷ ಬೇಕು. ಬಟ್ಟೆಯಾದದ್ದಕ್ಕೆ ನನಗೆ ವ್ಯಥೆಯಿಲ್ಲ; ಪಿತಾಮಹರಿಗೂ ಕಡೆಗೆ ಇರಲಿಲ್ಲ. ನೇಯುವ ಮುನ್ನ ಎಳೆಗಳನ್ನು ಎಣಿಸಬೇಕಾದ ಹೊತ್ತಿನಲ್ಲಿ ಎಣಿಸಲಿಲ್ಲವೆಂಬುದೊಂದೇ ವ್ಯಥೆ.

ಇದನ್ನೆಲ್ಲ ಅಳಿಯನಿಗೆ ಹೇಳಿ ಮುಗಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಅವನು, “ಮಾವ, ನೀವು ಹೇಳುವ ಆ ನೂಲಿನ ಮಾತು ಅಲ್ಲಿಯೂ ನಿಜವೇ. ನಲವತ್ತೇಳು ವರ್ಷ ನೇಯ್ದದ್ದನ್ನು ಬಿಡಿಸಹೊರಟು ಐರ್ಲೆಂಡಿನ ಹತ್ತಿರ ಗಂಟು ಬಿದ್ದಿತು” ಎಂದನು. ದಕ್ಷಿಣದ ಐರ್ಲೆಂಡು ಒಕ್ಕೂಟದಲ್ಲಿ ಉಳಿಯಿತು, ಉತ್ತರದ ತುಂಡು ಬ್ರಿಟನ್ನಿಗೆ ಸೇರಿದ್ದು. ನಡುವೆ ಗಡಿಯ ಕಟ್ಟೆ ಹಾಕಿದರೆ ಹಳೆಯ ರಕ್ತಪಾತ ಮರುಕಳಿಸೀತೆಂಬ ಭಯ. ಆದಕಾರಣ 2021ರಿಂದ ಬ್ರಿಟನ್ನಿನಿಂದ ತನ್ನದೇ ಆದ ಆ ತುಂಡಿಗೆ ಹೋಗುವ ಸರಕನ್ನು ಕಡಲು ದಾಟುವಾಗ ತಪಾಸಣೆ ಮಾಡುವಂತಾಯಿತು. 2023ರಲ್ಲಿ ಮತ್ತೆ ಮಾತಾಡಿ ಅದನ್ನು ಸಡಿಲಿಸಿಕೊಂಡರು.

ತಂದೆಯವರು ಇದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಬೊಚ್ಚುಬಾಯಿ ತುಂಬ ನಕ್ಕು, “ಸಮುದ್ರಕ್ಕೆ ಸುಂಕದ ಕಟ್ಟೆಯೆ! ನಮ್ಮಪ್ಪ ಇದ್ದಿದ್ದರೆ ಅದಕ್ಕೂ ಒಂದು ಕಿರ್ದಿ ಪುಸ್ತಕ ತೆರೆಯುತ್ತಿದ್ದರು” ಎಂದು ಕೋಲೂರಿಕೊಂಡು ಒಳಕ್ಕೆ ನಡೆದರು.