ಮಗುವಿನ ಕೈಗೆ ಕಬ್ಬಿಣ ಬೇಡ, ತಂದೆತಾಯಿಗೆ ತಿಳಿವಳಿಕೆ ಬೇಕು



ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ನಾನು ಶಿಕ್ಷಕನಾಗಿದ್ದ ಶಾಲೆಯಲ್ಲಿ ಒಮ್ಮೆ ಪ್ರಾರ್ಥನೆಯ ಸಾಲಿನಲ್ಲಿದ್ದ ಬಾಲಕನೊಬ್ಬ ಕುಸಿದು ಬಿದ್ದು ಕೈಕಾಲು ಬಡಿಯತೊಡಗಿದ. ಅವನ ಮುಷ್ಟಿಗೆ ಬೀಗದ ಕೈಗೊಂಚಲು ತುರುಕಿದವನು ನಾನೇ. ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಟ್ಟರು. ಎರಡು ನಿಮಿಷದಲ್ಲಿ ಸೆಳೆತ ತಾನಾಗಿಯೇ ನಿಂತಿತು. ನಾವು ಕಬ್ಬಿಣದ ಮಹಿಮೆ ಎಂದುಕೊಂಡೆವು. ಚಮಚದಿಂದ ಅವನ ಒಸಡು ಹರಿದಿತ್ತು. ವಾರದೊಳಗೆ ಅವನನ್ನು ಶಾಲೆಯಿಂದ ಬಿಡಿಸಿ ಕಳಿಸಲಾಯಿತು. ಅವನ ತಾಯಿ ಕೇಳಿದ್ದು ಒಂದೇ ಮಾತು: “ಇದು ಯಾವ ಪಾಪದ ಫಲ ಸರ್?” ನಾನು ಸುಮ್ಮನೆ ನಿಂತೆ.

ಮುಂದೆ ನನ್ನ ಮೊಮ್ಮಗಳಿಗೇ ಮೂರ್ಛೆ ಬಂದಾಗ ನರರೋಗ ತಜ್ಞರ ಎದುರು ಕುಳಿತು ಉತ್ತರ ಕಲಿತೆ. ಇದು ಪಾಪವಲ್ಲ, ಗಾಳಿ ಸೋಕಿದ್ದಲ್ಲ, ಅಂಟುವ ರೋಗವೂ ಅಲ್ಲ. ಮೆದುಳಿನ ನರಕೋಶಗಳಲ್ಲಿ ಒಮ್ಮೆಲೇ ಏಳುವ ಅತಿಯಾದ ವಿದ್ಯುತ್ ಚಟುವಟಿಕೆ. ಹೆರಿಗೆಯ ವೇಳೆಯ ತೊಂದರೆ, ಮೆದುಳು ಜ್ವರ, ತಲೆಗೆ ಪೆಟ್ಟು, ಅನುವಂಶೀಯತೆ ಕಾರಣವಾಗಬಹುದು. ಎಷ್ಟೋ ಮಕ್ಕಳಲ್ಲಿ ಕಾರಣವೇ ತಿಳಿಯುವುದಿಲ್ಲ. ಲಾಡಿಹುಳುವಿನ ಮೊಟ್ಟೆ ತೊಳೆಯದ ಸೊಪ್ಪು, ಕೊಳೆಯಾದ ಕೈಗಳ ಮೂಲಕವೂ ಹೊಟ್ಟೆ ಸೇರಿ ಮೆದುಳಿಗೆ ಏರುತ್ತದೆ. ಆದ್ದರಿಂದ ಶಾಖಾಹಾರಿಗಳೆಂದು ನಾವು ನಿಶ್ಚಿಂತರಾಗಿರುವಂತಿಲ್ಲ.

ಸೆಳೆತ ಬಂದಾಗ ಮಾಡಬೇಕಾದದ್ದು ಸರಳ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಕುತ್ತಿಗೆಯ ಉಡುಪು ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಚಪ್ಪಲಿ, ಈರುಳ್ಳಿ ಮೂಸಿಸಬೇಡಿ. 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಮತ್ತೆ ಬಂದರೆ, ಅಥವಾ ಅದು ಮೊದಲ ಸಲವಾದರೆ ಕೂಡಲೇ 108ಕ್ಕೆ ಕರೆ ಮಾಡಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾದ ಚಿಕಿತ್ಸೆ ದೊರೆತರೆ ಅಪಸ್ಮಾರವಿರುವ ನೂರಕ್ಕೆ 70 ಮಂದಿ ಸೆಳೆತವಿಲ್ಲದೆ ಬದುಕಬಲ್ಲರು. ಅದಕ್ಕೆ ಮಾತ್ರೆ ತಪ್ಪಬಾರದು. ಎರಡು ತಿಂಗಳು ಸೆಳೆತ ಬರಲಿಲ್ಲವೆಂದು ನಾವೇ ನಿಲ್ಲಿಸಿದರೆ ಅದು ಇನ್ನೂ ಜೋರಾಗಿ ಮರಳಬಹುದು. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡುವ ಮನೆಯಲ್ಲೇ ಸಂಜೆ ಮಗುವಿಗೆ ತಾಯತ ಕಟ್ಟಿಸಿ, ಬರೆ ಎಳೆಸಿ, ಮಾತ್ರೆ ಮರೆಯುವುದನ್ನು ನಾನು ಕಂಡಿದ್ದೇನೆ. ಇದು ಭಕ್ತಿಯಲ್ಲ, ಭಯ.

ಮುಚ್ಚಿಡುವುದಕ್ಕೂ ಭಯವೇ ಕಾರಣ. “ಹೆಣ್ಣುಮಗು, ನಾಳೆ ಮದುವೆ ಹೇಗೆ?” ಎನ್ನುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಅಪಸ್ಮಾರದ ಉಲ್ಲೇಖವನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟ ಮೈಲಿಗೆಯನ್ನು ನಾವೇಕೆ ಹೊತ್ತುಕೊಂಡಿರಬೇಕು?

ನಮ್ಮ ಮಠಗಳಿಗೆ ನನ್ನ ಬಿನ್ನಹ ಇಷ್ಟೇ. ಪ್ರಸಾದ ನಿಲಯದ ಗೋಡೆಯ ಮೇಲೆ ಈ ಪ್ರಥಮ ಚಿಕಿತ್ಸೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಮೂರ್ಛೆ ಇದೆಯೆಂದು ಯಾವ ಮಗುವನ್ನೂ ಮನೆಗೆ ಕಳಿಸಬೇಡಿ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಹೊಣೆ ಒಬ್ಬರಿಗೆ ಒಪ್ಪಿಸಿ. ತಿಂಗಳಿಗೊಮ್ಮೆ ಇಂಥ ಮಕ್ಕಳ ತಂದೆತಾಯಿಯರನ್ನು ಸೇರಿಸಿ, ಒಬ್ಬ ವೈದ್ಯರನ್ನು ಕರೆಸಿ. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ, ಧಾರವಾಡದ ಡಿಮ್ಹಾನ್ಸ್‌ವರೆಗೆ ಹೋಗಿಬಂದವರು ಹೊಸಬರಿಗೆ ದಾರಿ ಹೇಳಲಿ. ಅನ್ನದಾಸೋಹ ನಡೆಯುವಲ್ಲಿ ಅರಿವಿನ ದಾಸೋಹಕ್ಕೆ ಒಂದು ಸಂಜೆ ಸಾಲದೇ?

ಆ ತಾಯಿ ಈಗ ಎಲ್ಲಿದ್ದಾರೋ ನಾನರಿಯೆ. ಅಂದು ಅವರಿಗೆ ಹೇಳಲಾಗದ ಉತ್ತರವನ್ನು ಇಂದು ನಿಮ್ಮ ಮುಂದಿಟ್ಟಿದ್ದೇನೆ. ನಿಮ್ಮ ಓಣಿಯ ತಾಯಿಗೆ ನೀವು ತಲುಪಿಸಿ.