ನೆನಪಿನ ಮುಳ್ಳುಗಳು

ಹುಬ್ಬಳ್ಳಿಯ ಗೋಪನಕೊಪ್ಪದ ಯಾವ ಮನೆಯಲ್ಲಿಯೂ ಕಾಣಬಹುದಾದ ಸಂಗತಿಯಿದು. ಮೊಮ್ಮಗ ಮಗ್ಗಿಯಲ್ಲಿ ತಡವರಿಸುತ್ತಲೇ ಅಜ್ಜಿ ಅಡುಗೆಮನೆಯಿಂದ “ಹದಿಮೂರೆಂಟ್ಲೆ ನೂರಾನಾಲ್ಕು” ಎಂದು ತಿದ್ದುತ್ತಾಳೆ. ಮರುಗಳಿಗೆಯಲ್ಲಿಯೇ “ಚಾಳೀಸು ಎಲ್ಲಿಟ್ಟೆನೋ ತಮ್ಮಾ, ನೋಡು” ಎಂದು ಅವನನ್ನೇ ಕೇಳುತ್ತಾಳೆ. ಅರವತ್ತು ವರ್ಷದ ಹಿಂದಿನ ಮಗ್ಗಿ ಉಳಿದಿದೆ. ಅದನ್ನು ಕಲಿಸಿದ ಮಾಸ್ತರರ ಬೆತ್ತವೂ ಉಳಿದಿದೆ. ಬೆಳಗಿನ ಚಾಳೀಸು ಮಾತ್ರ ಮರೆತಿದೆ.

ಇದಕ್ಕೆ ವಯಸ್ಸೊಂದೇ ಕಾರಣವಲ್ಲ. ಅಲ್ಪಕಾಲದ ನೆನಪಿಗೆ ನರಕೋಶಗಳ ನಡುವೆ ಮೊದಲೇ ಇರುವ ಸಂಪರ್ಕಗಳು ತುಸು ಹೊತ್ತು ಚುರುಕಾದರೆ ಸಾಕು. ಬಹುಕಾಲ ನಿಲ್ಲಬೇಕಾದ ನೆನಪಿಗಾದರೋ ಹೊಸ ಪ್ರೋಟೀನು ತಯಾರಾಗಬೇಕು. ಸಂಪರ್ಕಗಳ ಆಕಾರವೇ ಬದಲಾಗಬೇಕು. ಅಪ್ಲೀಸಿಯವೆಂಬ ಕಡಲ ಹುಳುವಿಗೆ ಮೇಲಿಂದ ಮೇಲೆ ಪಾಠ ಕಲಿಸಿದಾಗ ಅದರ ಸ್ಪರ್ಶದ ನರಕೋಶಗಳು ಹೆಚ್ಚುಕಡಿಮೆ ಇಮ್ಮಡಿ ಸಂಪರ್ಕಗಳನ್ನು ಬೆಳೆಸಿಕೊಂಡವು. ಈ ಸಂಶೋಧನೆಗಳ ಹಿರಿಯ ಎರಿಕ್ ಕ್ಯಾಂಡೆಲ್ ಅವರು 2000ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ನಮ್ಮ ಮಿದುಳಿನ ಅನೇಕ ನರಕೋಶಗಳ ಕವಲುಗಳ ಮೇಲೆ ಜಾಲಿಯ ಟೊಂಗೆಗಿರುವಂತೆ ಸೂಕ್ಷ್ಮವಾದ ಮುಳ್ಳುಗಳಿರುತ್ತವೆ. ಇನ್ನೊಂದು ಕೋಶದ ಸಂದೇಶ ಬಂದು ತಾಕುವುದು ಬಹುಮಟ್ಟಿಗೆ ಇವುಗಳಿಗೇ.

ಆದರೆ ಬೆತ್ತದ ನೆನಪು? ಅದಕ್ಕೆ ಬೆಂಗಳೂರಿನಲ್ಲಿ ಒಂದು ಸುಳಿವು ದೊರೆತಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ ಎರಡು ತಾಸಿನಂತೆ ಹತ್ತು ದಿನ ಅಲುಗಾಡದಂತೆ ಬಂಧಿಸಿಟ್ಟರು. ಕಲಿಕೆಗೆ ಬೇಕಾದ ಹಿಪೊಕ್ಯಾಂಪಸ್ ಭಾಗದಲ್ಲಿ ನರಕೋಶದ ಕವಲುಗಳು ಕುಗ್ಗಿದವು. ಭಯದ ನೆಲೆಯಾದ ಅಮಿಗ್ಡಲದಲ್ಲಿ ಅವೇ ಕವಲುಗಳು ಹಬ್ಬಿದವು! 2002ರಲ್ಲಿ ಪ್ರಕಟವಾದ ಸಂಗತಿಯಿದು. 2004ರಲ್ಲಿ ಇನ್ನೊಂದು ತಿಳಿಯಿತು: 21 ದಿನ ವಿಶ್ರಾಂತಿ ಕೊಟ್ಟರೂ ಅಮಿಗ್ಡಲದ ಬೆಳವಣಿಗೆ ಇಳಿಯಲಿಲ್ಲ. ಕುಗ್ಗಿದ ಹಿಪೊಕ್ಯಾಂಪಸ್ ಅಷ್ಟರಲ್ಲಿ ಚೇತರಿಸಿಕೊಳ್ಳಬಲ್ಲುದು. ಭಯಕ್ಕೆ ಅಷ್ಟು ಅವಸರವಿಲ್ಲವೆನ್ನಬೇಕು.

ಒಂದೇ ಒಂದು ಸಲ ಹೆದರಿದರೆ? 2005ರ ಪ್ರಯೋಗದಲ್ಲಿ ಇಲಿಗಳನ್ನು ಒಮ್ಮೆ ಮಾತ್ರ, ಎರಡು ತಾಸು ಬಂಧಿಸಿ ಬಿಟ್ಟುಬಿಟ್ಟರು. ಮರುದಿನ ಅಮಿಗ್ಡಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹತ್ತು ದಿನ ಕಳೆದು ನೋಡಿದಾಗ ಕವಲುಗಳ ಮೇಲೆ ಮುಳ್ಳುಗಳು ಹೆಚ್ಚಿದ್ದವು; ಇಲಿಗಳ ಅಂಜಿಕೆಯೂ ಹೆಚ್ಚಿತ್ತು. ಇಲಿಗೆ ಆದದ್ದು ಮಕ್ಕಳಿಗೂ ಹಾಗೆಯೇ ಆಗುವುದೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಪೆಟ್ಟು ತಿಂದ ಹುಡುಗ ಮರುದಿನ ನಕ್ಕನೆಂದರೆ, ಅವನು ಅದನ್ನು ಮರೆತನೆಂದು ಹೇಳುವುದು ಕಷ್ಟ.